ಹಳ್ಳಿಯ ಮನೆ, ಲೇಖಕಿ ಮತ್ತು ನೆರೆಮನೆಯ ಗುಟ್ಟು: ಒಂದು ಪ್ರಕರಣ ಅಧ್ಯಯನ

ಹಸ್ತಪ್ರತಿಗಳನ್ನು ಓದಿ ಸಲಹೆ ಕೊಡುವುದು ನನ್ನ ಕೆಲಸ. ನಗರ ಬಿಟ್ಟು ಹಳ್ಳಿಯಲ್ಲಿ ನೆಲೆ ನಿಂತು ಬರೆಯುವ ಆಸೆಯನ್ನು ಅನೇಕ ಬರಹಗಾರರು ನನ್ನ ಬಳಿ ಹೇಳಿಕೊಂಡಿದ್ದಾರೆ. ಅಂಥವರಿಗೆ ಉಪಯೋಗವಾಗಲಿ ಎಂದು ನಾನು ಹತ್ತಿರದಿಂದ ಕಂಡ ಒಂದು ಪ್ರಕರಣವನ್ನು ಬರೆದಿಡುತ್ತಿದ್ದೇನೆ. ಲೇಖಕಿ ಒಪ್ಪಿಗೆ ಕೊಟ್ಟಿದ್ದಾರೆ, ಕರಡನ್ನೂ ಓದಿದ್ದಾರೆ. ಅವರ ಹೆಸರು, ಊರು, ಪುಸ್ತಕಗಳು, ಸುತ್ತಲಿನ ಬೆಳೆ, ಇಸವಿ ಯಾವುದನ್ನೂ ಹೇಳುವುದಿಲ್ಲ. ನೆರೆಮನೆಯ ಹಿರಿಯ ಮಹಿಳೆಯ ವಿಷಯದಲ್ಲಿ ಇನ್ನಷ್ಟು ಎಚ್ಚರ ವಹಿಸಿ, ಇಡೀ ಘಟನೆಯ ನಡುವೆ ಇರುವ ಒಂದು ವಸ್ತುವಿನ ಹೆಸರನ್ನೇ ಬಿಟ್ಟಿದ್ದೇನೆ. ಅದಕ್ಕೆ ಕಾರಣ ಓದುತ್ತಾ ಹೋದಂತೆ ತಿಳಿಯುತ್ತದೆ.

ಹಿನ್ನೆಲೆ

ಲೇಖಕಿ ಐವತ್ತು ದಾಟಿದವರು. ನಗರದ ಬದುಕನ್ನು ಕುರಿತ ಕಾದಂಬರಿಗಳಿಂದ ಹೆಸರು ಮಾಡಿದ್ದರು. ಆ ಕಾದಂಬರಿಗಳ ಶಕ್ತಿಯೆಲ್ಲ ಮಾತಿನಲ್ಲಿತ್ತು. ಮೆಟ್ಟಿಲ ಮೇಲೆ, ಕಚೇರಿಯ ಓಣಿಯಲ್ಲಿ, ಆಸ್ಪತ್ರೆಯ ಬೆಂಚಿನಲ್ಲಿ ಜನ ಅರ್ಧಕ್ಕೇ ನುಂಗಿಕೊಳ್ಳುವ ಮಾತುಗಳನ್ನು ಹಿಡಿಯುವುದರಲ್ಲಿ ಅವರದು ಎತ್ತಿದ ಕೈ. ದೊಡ್ಡಮ್ಮ ತೀರಿಕೊಂಡಾಗ ಹಳ್ಳಿಯ ಮನೆ ಇವರ ಪಾಲಿಗೆ ಬಂತು. ಚಿಕ್ಕಂದಿನಲ್ಲಿ ರಜೆ ಕಳೆಯಲು ಹೋಗುತ್ತಿದ್ದ ಮನೆ ಅದು. ಹೆಂಚಿನ ಮಾಡು, ಹಿತ್ತಿಲಲ್ಲಿ ಬಾವಿ, ಬಾವಿಯಾಚೆ ಬೇಲಿ, ಬೇಲಿಯಾಚೆ ಒಂಟಿಯಾಗಿ ಬದುಕುವ ವಿಧವೆಯೊಬ್ಬರ ಮನೆ. ಈ ಮನೆಯ ಬೀಗದ ಕೈಗಳಲ್ಲಿ ಒಂದು ದೊಡ್ಡಮ್ಮನ ಕಾಲದಿಂದಲೂ ಆ ನೆರೆಯವರ ಬಳಿಯೇ ಇರುತ್ತಿತ್ತು.

ಲೇಖಕಿ ನೌಕರಿ ಬಿಟ್ಟರು, ನಗರದ ಮನೆಯನ್ನು ಬಾಡಿಗೆಗೆ ಕೊಟ್ಟರು, ಪುಸ್ತಕಗಳ ಪೆಟ್ಟಿಗೆಗಳೊಂದಿಗೆ ಹಳ್ಳಿಗೆ ಬಂದರು. ಅಲ್ಲಿ ಗದ್ದಲವಿಲ್ಲ, ಬಂದು ಹೋಗುವವರಿಲ್ಲ, ಆದ್ದರಿಂದ ಬರವಣಿಗೆ ತಾನಾಗಿ ಹರಿಯುತ್ತದೆ ಎಂಬುದು ಅವರ ಲೆಕ್ಕಾಚಾರ. ಹಳ್ಳಿಯ ಮನೆಯ ಕನಸು ಕಾಣುವ ಬಹುತೇಕ ಎಲ್ಲರ ಲೆಕ್ಕಾಚಾರವೂ ಇದೇ.

ಸಮಸ್ಯೆ

ಅಲ್ಲಿಂದ ಬಂದ ಮೊದಲ ಹಸ್ತಪ್ರತಿಯನ್ನು ಓದಿ ನನಗೆ ದಿಗಿಲಾಯಿತು. ವಾಕ್ಯಗಳು ಸುಂದರವಾಗಿದ್ದವು. ಮಳೆ, ಮಾಡಿನ ಮೇಲಿನ ಹಾವಸೆ, ಮಧ್ಯಾಹ್ನದ ಬೆಳಕು ಎಲ್ಲವೂ ಇದ್ದವು. ಆದರೆ ಪುಸ್ತಕದಲ್ಲಿ ಇದ್ದವರೆಲ್ಲ ಒಂದೋ ತೀರಿಹೋದವರು, ಇಲ್ಲವೇ ರಜೆಗೆ ಬಂದ ಪುಟ್ಟ ಹುಡುಗಿ. ಈಗ ಬದುಕಿರುವ ಒಬ್ಬರೂ ಆ ಪುಟಗಳಲ್ಲಿ ಓಡಾಡುತ್ತಿರಲಿಲ್ಲ. ಇಡೀ ಹಸ್ತಪ್ರತಿಯಲ್ಲಿ ಯಾರೂ ಒಂದು ಹೆಂಚು ಬದಲಾಯಿಸುವುದಿಲ್ಲ, ಒಂದು ಕೊಡ ನೀರು ಸೇದುವುದಿಲ್ಲ. ಮಾತು ಹಿಡಿಯುವ ಲೇಖಕಿಯ ಪುಸ್ತಕದಲ್ಲಿ ಮಾತೇ ಇರಲಿಲ್ಲ.

ವಿಚಿತ್ರವೆಂದರೆ ಅದೇ ತಿಂಗಳುಗಳಲ್ಲಿ ಅವರು ನನಗೆ ಬರೆಯುತ್ತಿದ್ದ ಪತ್ರಗಳು ಜೀವಂತವಾಗಿದ್ದವು. ಮನೆಯ ಕಾಟ ಹೇಳಿಕೊಳ್ಳಲೆಂದೇ ಬರೆದ ಪತ್ರಗಳು ಅವು. ಒಂದು ಪತ್ರದ ತುಂಬ ಬಾವಿಯ ಪಂಪಿನ ಸಂಗತಿ. ಬಾವಿಯೊಳಗೆ ಇಳಿಬಿಟ್ಟ ಪೈಪಿನ ತುದಿಯಲ್ಲಿ ಫುಟ್ ವಾಲ್ವ್ ಇರುತ್ತದೆ. ಅದು ನೀರನ್ನು ಮೇಲಕ್ಕೆ ಬಿಡುತ್ತದೆ, ಕೆಳಕ್ಕೆ ಬಿಡುವುದಿಲ್ಲ. ಅದರ ವಾಷರ್ ಸವೆದರೆ, ಅಥವಾ ಎಲೆಯ ಚೂರೊಂದು ಸಿಕ್ಕಿಕೊಂಡರೆ, ಪಂಪು ನಿಂತ ಮೇಲೆ ಪೈಪಿನಲ್ಲಿದ್ದ ನೀರೆಲ್ಲ ಬಾವಿಗೆ ಮರಳುತ್ತದೆ. ಮರುದಿನ ಗುಂಡಿ ಒತ್ತಿದರೆ ಮೋಟಾರು ತಿರುಗುತ್ತದೆ, ನೀರು ಬರುವುದಿಲ್ಲ. ಲೇಖಕಿ ಇದು ತಿಳಿಯದೆ ಪಂಪು ಓಡಿಸುತ್ತಲೇ ಇದ್ದಾಗ ಬೇಲಿಯಾಚೆಯಿಂದ ನೆರೆಯವರ ಕೂಗು ಕೇಳಿತು: “ಒಣಗಿ ಓಡುತ್ತಿದೆ, ಮೊದಲು ಆರಿಸು.” ಅವರು ಪಂಪನ್ನು ನೋಡಿಯೂ ಇರಲಿಲ್ಲ. ಸದ್ದು ಕೇಳಿಯೇ ಹೇಳಿದ್ದರು. ಆಮೇಲೆ ಬೇಲಿ ದಾಟಿ ಬಂದು, ಪಾನೆಯನ್ನು ಹಗ್ಗದಿಂದ ಮಣಿಕಟ್ಟಿಗೆ ಕಟ್ಟಿಕೊಂಡರು. ಕೈ ಜಾರಿದರೂ ಪಾನೆ ಬಾವಿಗೆ ಬೀಳಬಾರದು. ಪಂಪಿನ ಮೇಲಿನ ಬಿರಡೆ ಬಿಚ್ಚಿ, ಚೆಂಬಿನಿಂದ ನೀರು ಹೊಯ್ದು, ಗುಳ್ಳೆ ಏಳುವುದು ನಿಂತ ಮೇಲೆ ಬಿರಡೆ ಮುಚ್ಚಿದರು.

ಮಣಿಕಟ್ಟಿನ ಹಗ್ಗದ ಆ ಒಂದು ವಿವರ ಹಸ್ತಪ್ರತಿಯ ಎಷ್ಟೋ ಪುಟಗಳಿಗಿಂತ ಮೇಲು ಎಂದು ನಾನು ಉತ್ತರ ಬರೆದೆ. ಲೇಖಕಿಗೆ ಸಿಟ್ಟು ಬಂತು. ಪಂಪು ಬರವಣಿಗೆಯ ಸಮಯವನ್ನು ತಿನ್ನುತ್ತಿದೆ ಎಂದು ಅವರು ಗೋಳಿಡುತ್ತಿದ್ದರೆ, ನಾನು ಪಂಪನ್ನೇ ಬರೆಯಿರಿ ಎನ್ನುತ್ತಿದ್ದೆ.

ಏನೇನು ಪ್ರಯತ್ನಿಸಿದರು

ಮೊದಲು ಅವರು ಜಾಗ ಬದಲಿಸಿ ನೋಡಿದರು. ಮಹಡಿಯ ಕಿಟಕಿಯ ಪಕ್ಕದಲ್ಲಿದ್ದ ಮೇಜನ್ನು ಗೋಡೆಯ ಕಡೆಗೆ ತಿರುಗಿಸಿದರು. ಸಾಲಲಿಲ್ಲ. ಹಿತ್ತಿಲ ಮೂಲೆಯಲ್ಲಿ ಪುಟ್ಟದೊಂದು ಬರೆಯುವ ಕೋಣೆ ಕಟ್ಟಿಸಿದರು. ಈ ಕೋಣೆಯ ಹಿಂದೆ ಇಂಗ್ಲಿಷ್ ಕಾದಂಬರಿಕಾರ್ತಿ ವರ್ಜೀನಿಯಾ ವುಲ್ಫ್ ಅವರ ಮೇಲ್ಪಂಕ್ತಿ ಇತ್ತು. ವುಲ್ಫ್ ದಂಪತಿ 1919ರಲ್ಲಿ ಇಂಗ್ಲೆಂಡಿನ ರಾಡ್ಮೆಲ್ ಹಳ್ಳಿಯಲ್ಲಿ ಮಂಕ್ಸ್ ಹೌಸ್ ಎಂಬ ಮನೆಯನ್ನು ಹರಾಜಿನಲ್ಲಿ 700 ಪೌಂಡಿಗೆ ಕೊಂಡಿದ್ದರು. ಆಗ ಅದಕ್ಕೆ ನಲ್ಲಿಯ ನೀರೂ ಇರಲಿಲ್ಲ, ವಿದ್ಯುತ್ತೂ ಇರಲಿಲ್ಲ. ತೋಟದ ಸಾಮಾನಿನ ಕೊಟ್ಟಿಗೆಯೊಂದನ್ನು ಬರೆಯುವ ಕೋಣೆಯಾಗಿ ಮಾಡಿಕೊಂಡರೆ, ಅದರ ಅಟ್ಟದಲ್ಲಿ ಪತಿ ಲಿಯೊನಾರ್ಡ್ ಸೇಬು ವಿಂಗಡಿಸುವ ಸದ್ದು ಅಡ್ಡಿಯಾಗುತ್ತಿತ್ತು. ಕೊನೆಗೆ 1934ರಲ್ಲಿ ಕೋಣೆಯನ್ನು ತೋಟದ ತುದಿಗೆ ಸಾಗಿಸಿದರು. ಸೇಬಿನ ಸದ್ದನ್ನೂ ತಾಳದವರಿಗೆ ಪಂಪಿನ ಸದ್ದು ತಾಳುವುದೆಲ್ಲಿ ಎಂಬುದು ನಮ್ಮ ಲೇಖಕಿಯ ವಾದ.

ಈ ಹೋಲಿಕೆಯನ್ನು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ವುಲ್ಫ್ ಅವರಿಗೆ ಬೇಕಿದ್ದದ್ದು ಯಾರೂ ಕದಡದ ಗಂಟೆಗಳು, ಏಕೆಂದರೆ ಅವರ ಸಾಮಗ್ರಿ ಒಳಗೇ ಹರಿಯುತ್ತಿತ್ತು. ನಮ್ಮ ಲೇಖಕಿಯ ಬರವಣಿಗೆ ಬೆಳೆದದ್ದೇ ಅಡ್ಡಿಗಳ ನಡುವೆ. ನಗರದಲ್ಲಿ ಜನ ಅವರ ಕೆಲಸಕ್ಕೆ ಅಡ್ಡ ಬಂದದ್ದರಿಂದಲೇ ಅವರಿಗೆ ಆ ಅರ್ಧ ಮಾತುಗಳು ಸಿಕ್ಕಿದ್ದವು. ಹಿತ್ತಿಲ ಕೋಣೆಯಲ್ಲಿ ಅಡ್ಡಿಯೂ ಇಲ್ಲ, ಮಾತೂ ಇಲ್ಲ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಆ ಕೋಣೆಗೆ ಗುದ್ದಲಿ, ಹಾರೆ, ಹಳೆಯ ಪೈಪುಗಳು ಸೇರಿಕೊಂಡವು. ಅದೇ ಮಳೆಗಾಲದಲ್ಲಿ ಪುಸ್ತಕದ ಪೆಟ್ಟಿಗೆಗೆ ಗೆದ್ದಲು ಹಿಡಿದು ಟಿಪ್ಪಣಿಗಳ ಒಂದು ಕಟ್ಟು ಹಾಳಾಯಿತು. ಮನೆ ಖಾಲಿ ಬಿಟ್ಟರೆ ಹೀಗೆಯೇ ಎಂದು ನೆರೆಯವರು ಹೇಳಿದರಂತೆ. “ಮನೆ ಖಾಲಿ ಇಲ್ಲವಲ್ಲ, ನಾನಿದ್ದೇನಲ್ಲ” ಎಂದು ಲೇಖಕಿ ಅಂದದ್ದಕ್ಕೆ, “ನೀನು ಮೂಲೆಯಲ್ಲಿದ್ದೀಯ, ಮನೆಯಲ್ಲಿ ಎಲ್ಲಿದ್ದೀಯ?” ಎಂದು ಕೇಳಿದರಂತೆ. ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ಮೊದಲ ತಿರುವು ಆ ಪ್ರಶ್ನೆ.

ಆಮೇಲೆ ಲೇಖಕಿ ಒಂದು ‘ಕೆಲಸದ ಪುಸ್ತಕ’ ಇಟ್ಟರು. ಅಂದು ಮನೆಯಲ್ಲಿ ಏನು ಕೆಟ್ಟಿತು, ಯಾರು ಸರಿಮಾಡಿದರು, ಯಾವ ಕ್ರಮದಲ್ಲಿ, ಕೆಲಸ ಮಾಡುತ್ತಾ ಅವರು ಆಡಿದ ಮಾತೇನು, ಇಷ್ಟನ್ನೇ ಬರೆಯುವುದು. ತನಗೆ ಏನನಿಸಿತು ಎಂಬುದನ್ನು ಬರೆಯುವಂತಿಲ್ಲ. ನಿಯಮ ಅವರದೇ, ನನ್ನ ಸಲಹೆಯಲ್ಲ. ಬೆಳಿಗ್ಗೆ ಮನೆಯ ಕೆಲಸ, ಅದು ಮುಗಿದ ಮೇಲೆ ಹಿಂಬಾಗಿಲ ಪಡಸಾಲೆಯಲ್ಲಿ ಬರವಣಿಗೆ. ದಾರಿಯಲ್ಲಿ ಹೋಗುವ ಯಾರು ಬೇಕಾದರೂ ನಿಂತು ಮಾತಾಡಿಸಬಹುದಾದ ಜಾಗ ಅದು.

ಬರವಣಿಗೆಯ ಮೇಲೆ ಇದರ ಪರಿಣಾಮ ಕಣ್ಣಿಗೆ ಕಾಣುವಂತಿತ್ತು. ವಿಶೇಷಣಗಳು ಉದುರಿದವು. ಕ್ರಿಯಾಪದಗಳು ಮುಂದೆ ಬಂದವು. ಒಂದು ಕೆಲಸದ ನಂತರ ಇನ್ನೊಂದು ಕೆಲಸ ಬರುವ ಕ್ರಮದಲ್ಲೇ ವಾಕ್ಯಗಳು ಬರತೊಡಗಿದವು. ಹಿಂದಿನ ಕಾದಂಬರಿಗಳಲ್ಲಿ ಪಾತ್ರಗಳು ಮಾತಾಡುವಾಗ ಕೈ ಕಟ್ಟಿಕೊಂಡು ಕೂರುತ್ತಿದ್ದವು. ಈಗ ಹಗ್ಗ ಬಿಗಿಯುತ್ತಾ, ಹೆಂಚು ಎಣಿಸುತ್ತಾ ಮಾತಾಡಿದವು, ಕೆಲಸಕ್ಕೆ ಉಸಿರು ಬೇಕಾದ ಕಡೆ ಮಾತು ತುಂಡಾಯಿತು. ಮಾತಿನ ಲೇಖಕಿಗೆ ಮೌನವನ್ನು ಎಲ್ಲಿ ಇಡಬೇಕೆಂದು ಈ ಮನೆ ಕಲಿಸಿತು. ಇದನ್ನು ನಾನು ಮನೆಯ ನಿಜವಾದ ಪ್ರಭಾವ ಎನ್ನುತ್ತೇನೆ. ಹಳ್ಳಿಯ ದೃಶ್ಯ ಪುಟದಲ್ಲಿ ಬಂದರೆ ಅದು ವಿಷಯವಾಯಿತು, ಅಷ್ಟೇ. ವಾಕ್ಯದ ಎಲುಬೇ ಬದಲಾದರೆ ಅದು ಪ್ರಭಾವ.

ಏನಾಯಿತು

ಕೆಲಸದ ಪುಸ್ತಕದಿಂದ ಹಲವು ಕಥೆಗಳು ಹುಟ್ಟಿದವು. ಅವುಗಳಲ್ಲಿ ಒಂದು ನೇರವಾಗಿ ಪತ್ರಿಕೆಯೊಂದಕ್ಕೆ ಹೋಗಿ ಅಚ್ಚಾಯಿತು. ಒಂಟಿಯಾಗಿ ಬದುಕುವ ಹಿರಿಯ ಹೆಂಗಸೊಬ್ಬಳ ಕಥೆ. ಓದುಗರು ಮೆಚ್ಚಿದರು. ನಾನೂ ಅಚ್ಚಾದ ಮೇಲೆ ಓದಿ ಮೆಚ್ಚಿದೆ.

ಕಥೆಯ ಜೀವ ಒಂದು ವಿವರದಲ್ಲಿತ್ತು. ಆ ಹೆಂಗಸು ತನ್ನ ಹೊಸಿಲ ಬಳಿ ಒಂದು ವಸ್ತುವನ್ನು ಇಡುತ್ತಾಳೆ. ಅದನ್ನು ಕಂಡ ಅಪರಿಚಿತರು ಮನೆಯಲ್ಲಿ ಬೇರೆ ಯಾರೋ ಇದ್ದಾರೆಂದುಕೊಳ್ಳುತ್ತಾರೆ. ವಸ್ತು ಯಾವುದೆಂದು ನಾನು ಇಲ್ಲಿ ಬರೆಯುವುದಿಲ್ಲ. ಬೇಲಿಯಾಚೆಯ ನೆರೆಯವರು ಗಂಡ ಹೋದಂದಿನಿಂದ ನಿಜವಾಗಿಯೂ ಅದನ್ನೇ ಮಾಡುತ್ತಿದ್ದರು. ಲೇಖಕಿಗೆ ಅದು ಗೊತ್ತಾದದ್ದು ಅವರು ನಂಬಿ ಹೇಳಿದ್ದರಿಂದ.

ಕಥೆಯಲ್ಲಿ ಹೆಸರು ಬೇರೆ, ಊರು ಬೇರೆ, ವಯಸ್ಸು ಬೇರೆ. ಆದರೂ ದೂರದ ಊರಿನಲ್ಲಿದ್ದ ಸಂಬಂಧಿಯೊಬ್ಬರು ಓದಿ, ಗುರುತು ಹಿಡಿದು, ಮೆಚ್ಚುಗೆಯಿಂದಲೇ ಊರಿನವರಿಗೆ ತೋರಿಸಿದರು. ಕೆಲವು ದಿನಗಳಲ್ಲಿ ಸುತ್ತಲಿನವರಿಗೆಲ್ಲ ಆ ವಸ್ತು ಅಲ್ಲಿ ಏಕಿದೆ ಎಂಬುದು ತಿಳಿಯಿತು. ಗುಟ್ಟಾಗಿದ್ದಷ್ಟು ಕಾಲ ಮಾತ್ರ ಕೆಲಸ ಮಾಡುವ ರಕ್ಷಣೆ ಅದು. ನೆರೆಯವರು ಆ ವಸ್ತುವನ್ನು ಒಳಗೆ ತೆಗೆದಿಟ್ಟರು. ಅದೇ ವಾರ ಲೇಖಕಿಯ ಮನೆಯ ಬೀಗದ ಕೈಯನ್ನು ತಂದು ಪಡಸಾಲೆಯ ಮೇಜಿನ ಮೇಲೆ ಇಟ್ಟು ಹೋದರು. ಜಗಳವಾಡಲಿಲ್ಲ, ಕಾರಣ ಹೇಳಲಿಲ್ಲ.

ಲೇಖಕಿ ಬೇಲಿ ದಾಟಿ ಹೋಗಿ ಕ್ಷಮೆ ಕೇಳಿದರು. ನೆರೆಯವರು ಕಥೆಯ ಬಗ್ಗೆ ಒಂದು ಮಾತನ್ನೂ ಆಡದೆ, “ಇನ್ನು ಮುಂದೆ ಅಲ್ಲಿ ಏನಿಡಲಿ, ನೀನೇ ಹೇಳು” ಎಂದರು. ಇದಕ್ಕೆ ಲೇಖಕಿಯ ಬಳಿ ಉತ್ತರವಿರಲಿಲ್ಲ. ಹಣದ ಮಾತನ್ನು ನೆರೆಯವರು ಎತ್ತಲೂ ಬಿಡಲಿಲ್ಲ. ಬೇಲಿಯ ಕಂಬಕ್ಕೆ ರಾತ್ರಿಯಿಡೀ ಉರಿಯುವ ದೀಪ ಹಾಕಿಸುವುದಕ್ಕೆ ಮಾತ್ರ, ಬಹಳ ದಿನಗಳ ಮೇಲೆ, ಒಪ್ಪಿದರು.

ಆ ಸಮಯದಲ್ಲಿ ನಾವಿಬ್ಬರೂ ಕೂಡಿ ಓದಿದ್ದು ಅಮೆರಿಕದ ಕಾದಂಬರಿಕಾರ್ತಿ ಮಾರ್ಜೊರಿ ಕಿನ್ನನ್ ರಾಲಿಂಗ್ಸ್ ಅವರ ಬದುಕನ್ನು. ರಾಲಿಂಗ್ಸ್ 1928ರಲ್ಲಿ ಫ್ಲಾರಿಡಾದ ಕ್ರಾಸ್ ಕ್ರೀಕ್ ಎಂಬ ಹಳ್ಳಿಯಲ್ಲಿ ಕಿತ್ತಳೆಯ ತೋಟವಿದ್ದ ಮನೆಯನ್ನು ಕೊಂಡರು. ಸಂಪಾದಕ ಮ್ಯಾಕ್ಸ್‌ವೆಲ್ ಪರ್ಕಿನ್ಸ್ ಅವರ ಒತ್ತಾಸೆಯಿಂದ, ಅಲ್ಲಿನ ಕಾಡಿನ ಬದುಕನ್ನು ಒಬ್ಬ ಹುಡುಗನ ಸುತ್ತ ಕಟ್ಟಿದ ಕಾದಂಬರಿ ಬರೆದರು. ಅದಕ್ಕೆ 1939ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಆಮೇಲೆ 1942ರಲ್ಲಿ ಊರಿನ ಹೆಸರನ್ನೇ ಇಟ್ಟು ನೆನಪುಗಳ ಪುಸ್ತಕ ಬರೆದರು. ಅದರಲ್ಲಿ ಜೆಲ್ಮಾ ಕೇಸನ್ ಎಂಬ ಗೆಳತಿಯನ್ನು ಸಿಡುಕಿನ, ಚುರುಕಿನ ಕ್ಯಾನರಿ ಹಕ್ಕಿಗೆ ಹೋಲಿಸಿದರು. ಊರಿನಲ್ಲಿ ರಾಲಿಂಗ್ಸ್ ಅವರಿಗೆ ಮೊದಮೊದಲು ಆಪ್ತರಾದವರಲ್ಲಿ ಕೇಸನ್ ಒಬ್ಬರು. ತಮ್ಮ ಖಾಸಗಿತನಕ್ಕೆ ಧಕ್ಕೆಯಾಯಿತೆಂದು ಅವರು ದಾವೆ ಹೂಡಿದರು. 1946ರಲ್ಲಿ ಜ್ಯೂರಿ ರಾಲಿಂಗ್ಸ್ ಪರವಾಗಿ ನಿಂತಿತು. 1947ರಲ್ಲಿ ಫ್ಲಾರಿಡಾದ ಸರ್ವೋಚ್ಚ ನ್ಯಾಯಾಲಯ ಅದನ್ನು ತಿರುಗಿಸಿ ಕೇಸನ್ ಅವರಿಗೆ ಒಂದು ಡಾಲರ್ ಪರಿಹಾರ ಮತ್ತು ದಾವೆಯ ಖರ್ಚು ಕೊಡಿಸಿತು. ರಾಲಿಂಗ್ಸ್ ಮುಂದೆ ಕ್ರಾಸ್ ಕ್ರೀಕ್ ಮೇಲೆ ಪುಸ್ತಕ ಬರೆಯಲಿಲ್ಲ. ಅವರ ಕೊನೆಯ ಕಾದಂಬರಿಯ ನೆಲ ಉತ್ತರದ ಹೊಲಮನೆ.

ಲೇಖಕಿಯನ್ನು ತಟ್ಟಿದ್ದು ಆ ಕೊನೆಯ ಸಂಗತಿ. ಒಂದು ಡಾಲರಿನ ದಂಡ ಯಾರಿಗೂ ಭಾರವಲ್ಲ. ಆದರೆ ಬರವಣಿಗೆಗೆ ಅನ್ನವಾಗಿದ್ದ ಊರು ಆ ದಾವೆಯೊಂದಿಗೆ ಬರವಣಿಗೆಯಿಂದ ಹೊರಟುಹೋಯಿತು.

ನಿರ್ಧಾರ

ಕಥಾಸಂಕಲನ ಅಚ್ಚಿಗೆ ಸಿದ್ಧವಾಗಿತ್ತು, ಆ ಕಥೆಯೇ ಅದರ ಮುಡಿ. ಹೊಸಿಲ ಬಳಿಯ ವಸ್ತುವನ್ನು ಬದಲಿಸಿ ಕಥೆಯನ್ನು ಉಳಿಸಿಕೊಳ್ಳಿ ಎಂದು ನಾನು ಹೇಳಿದೆ. ಲೇಖಕಿ ಮನಸ್ಸಿಟ್ಟು ಪ್ರಯತ್ನಿಸಿದರು. ಬೇರೆ ಬೇರೆ ವಸ್ತುಗಳನ್ನು ಇಟ್ಟು ಬರೆದು ನೋಡಿದರು. ಕೆಲವು ಚೆನ್ನಾಗಿಯೇ ಹೊಂದಿದವು. ಆಮೇಲೆ ಅವರು ನನಗೆ ಬರೆದ ಪತ್ರದ ತಿರುಳು ಹೀಗಿತ್ತು: ನಂಬುವಂತಿರುವ ಯಾವ ವಸ್ತುವನ್ನು ಇಟ್ಟರೂ, ಎಲ್ಲೋ ಒಂದು ಕಡೆ ಒಬ್ಬ ಒಂಟಿ ಹೆಂಗಸು ಅದನ್ನೇ ಇಟ್ಟುಕೊಂಡಿರುತ್ತಾಳೆ. ನಂಬುವಂತಿಲ್ಲದ ವಸ್ತುವನ್ನು ಇಟ್ಟರೆ ಕಥೆ ಸುಳ್ಳಾಗುತ್ತದೆ. ಹೀಗಾಗಿ ಕಥೆಯನ್ನೇ ಸಂಕಲನದಿಂದ ತೆಗೆದರು.

ಈ ನಿರ್ಧಾರವನ್ನು ನಾನು ಗೌರವಿಸುತ್ತೇನೆ, ಒಪ್ಪುವುದಿಲ್ಲ. ನೆರೆಯವರ ಗುಟ್ಟನ್ನು ಕಾಯುವುದು ಲೇಖಕಿಯ ಹೊಣೆ. ಜಗತ್ತಿನ ಎಲ್ಲ ಗುಟ್ಟುಗಳನ್ನು ಕಾಯುವ ಹೊಣೆಯನ್ನು ಕಥೆಗಾರರ ಮೇಲೆ ಹೊರಿಸಿದರೆ ಒಂಟಿತನದ ಭಯವನ್ನು ಬರೆಯುವವರು ಯಾರು? ಆ ಭಯವನ್ನು ಓದಿ, ಇದು ನನ್ನೊಬ್ಬಳದೇ ಅಲ್ಲ ಎಂದು ಸಮಾಧಾನಗೊಳ್ಳಬೇಕಾದ ಓದುಗರಿಗೂ ಒಂದು ಹಕ್ಕಿದೆ.

ಇದರ ಬೆನ್ನಿಗೇ ಮಾಡಿನ ದುರಸ್ತಿ ಶುರುವಾಗಿ ಲೇಖಕಿ ಕೆಲವು ತಿಂಗಳು ನಗರಕ್ಕೆ ಮರಳಬೇಕಾಯಿತು. ಬಾಡಿಗೆ ಕೋಣೆಯೊಂದರಲ್ಲಿ ಕುಳಿತು, ಹಳ್ಳಿಯಲ್ಲಿ ಅರ್ಧಕ್ಕೆ ನಿಂತಿದ್ದ ಕಾದಂಬರಿಯನ್ನು ಅವರು ಮುಗಿಸಿದರು. ಇದು ಅಪರೂಪದ ಸಂಗತಿಯೇನಲ್ಲ. ಅಮೆರಿಕದ ಕಾದಂಬರಿಕಾರ್ತಿ ಈಡಿತ್ ವಾರ್ಟನ್ ಮ್ಯಾಸಚೂಸೆಟ್ಸ್‌ನ ಲೆನಾಕ್ಸ್‌ನಲ್ಲಿ 1902ರಲ್ಲಿ ತಮ್ಮ ಕಲ್ಪನೆಯಂತೆಯೇ ಮನೆ ಕಟ್ಟಿಸಿಕೊಂಡಿದ್ದರು. ಆದರೆ ಆ ಸೀಮೆಯ ಹಿಮ ಮತ್ತು ಬಡತನವನ್ನು ಕುರಿತ 1911ರ ಪುಟ್ಟ ಕಾದಂಬರಿಯನ್ನು ಬರೆದದ್ದು ಪ್ಯಾರಿಸ್‌ನಲ್ಲಿ. ಲೆನಾಕ್ಸ್‌ನ ಮನೆ ಮಾರಾಟವಾದದ್ದೂ ಅದೇ ವರ್ಷ. ನಮ್ಮ ಲೇಖಕಿಗೆ ದೂರ ಕೊಟ್ಟದ್ದು ಆಯ್ಕೆಯನ್ನು. ಹಳ್ಳಿಯಲ್ಲಿದ್ದಾಗ ಕೆಲಸದ ಪುಸ್ತಕದ ಪ್ರತಿಯೊಂದು ಸಾಲೂ ಬೇಕೆನಿಸುತ್ತಿತ್ತು. ನಗರದಲ್ಲಿ ಕುಳಿತಾಗ ಮರೆತುಹೋದದ್ದನ್ನು ಮರೆತಂತೆಯೇ ಬಿಡಲು ಸಾಧ್ಯವಾಯಿತು.

ಇದರಿಂದ ಕಲಿಯಬಹುದಾದದ್ದು

ಹಳ್ಳಿಯ ಮನೆಗೆ ಹೋಗುವ ಬರಹಗಾರರು ಮೌನ ಎಷ್ಟಿದೆ ಎಂದು ಕೇಳುವ ಮೊದಲು ತಮ್ಮ ಈವರೆಗಿನ ಬರವಣಿಗೆಗೆ ಸಾಮಗ್ರಿ ಎಲ್ಲಿಂದ ಬಂತು ಎಂದು ಕೇಳಿಕೊಳ್ಳಬೇಕು. ಒಳಗಿನಿಂದ ಬಂದಿದ್ದರೆ ತೋಟದ ತುದಿಯ ಕೋಣೆ ಸರಿ. ಜನರಿಂದ ಬಂದಿದ್ದರೆ ಪಡಸಾಲೆಯೇ ಸರಿ. ಸಲಹೆ ಕೊಡುವವರು ಹಸ್ತಪ್ರತಿಯ ಜೊತೆಗೆ ಪತ್ರಗಳನ್ನೂ, ಗೊಣಗಾಟವನ್ನೂ ಓದಬೇಕು. ಬರಹಗಾರರು ಕಾಟವೆಂದು ದೂರುವ ಕಡೆ ಹಲವು ಸಲ ಪುಸ್ತಕವಿರುತ್ತದೆ.

ಗುರುತು ಮರೆಸುವ ವಿಷಯ ಇದಕ್ಕಿಂತ ಗಹನ. ಹೆಸರು ಬದಲಿಸಿದರೆ ದೂರದವರಿಂದ ರಕ್ಷಣೆ ಸಿಗುತ್ತದೆ, ಹತ್ತಿರದವರಿಂದ ಇಲ್ಲ. ಆದರೆ ಅಪಾಯ ಇರುವುದು ಹತ್ತಿರದಲ್ಲೇ. ಸಣ್ಣ ಊರಿನಲ್ಲಿ ಒಬ್ಬರನ್ನು ಗುರುತಿಸಲು ಒಂದು ಅಭ್ಯಾಸ ಸಾಕು. “ಇವರು ಯಾರೆಂದು ಗೊತ್ತಾಗುತ್ತದೆಯೇ?” ಎಂಬ ಪ್ರಶ್ನೆಯೊಂದಿಗೆ “ಇದು ಗೊತ್ತಾದರೆ ಇವರು ಯಾವ ಆಸರೆಯನ್ನು ಕಳೆದುಕೊಳ್ಳುತ್ತಾರೆ?” ಎಂಬುದನ್ನೂ ಕೇಳಬೇಕು. ನೆರೆಯವರ ಮಾನ ಹೋಗಲಿಲ್ಲ, ಕಥೆಯಲ್ಲಿ ಅವರ ಚಿತ್ರ ಘನವಾಗಿಯೇ ಇತ್ತು. ಅವರು ಕಳೆದುಕೊಂಡದ್ದು ರಾತ್ರಿಯ ಧೈರ್ಯವನ್ನು. ಹೊಗಳಿಕೆಯೂ ಹೀಗೆ ಹಾನಿ ಮಾಡಬಲ್ಲದು ಎಂಬುದು ಸಂಪಾದಕರಿಗೆ ತಿಳಿದಿರಬೇಕು. ಹಳ್ಳಿಯ ಬದುಕಿನ ಕಥೆ ಕೈಗೆ ಬಂದಾಗ, ಅತ್ಯಂತ ಜೀವಂತವಾದ ವಿವರ ಎಲ್ಲಿಂದ ಬಂತೆಂದು ಅವರು ಕೇಳಲೇಬೇಕು.

ಈಗಿನ ಸ್ಥಿತಿ

ಕಾದಂಬರಿ ಪ್ರಕಟವಾಗಿದೆ. ಅದಕ್ಕೆ ಮೊದಲು, ಬಾವಿ ಮತ್ತು ಪಂಪು ಬರುವ ಅಧ್ಯಾಯವನ್ನು ಲೇಖಕಿ ನೆರೆಯವರ ಮುಂದೆ ಗಟ್ಟಿಯಾಗಿ ಓದಿದರು. ಅವರು ತಮ್ಮನ್ನು ಹೋಲುವ ಪಾತ್ರದ ಬಗ್ಗೆ ಚಕಾರವೆತ್ತಲಿಲ್ಲ. ಹೊಸ ಚರ್ಮದ ವಾಷರನ್ನು ಹಾಕುವ ಮೊದಲು ನೀರಿನಲ್ಲಿ ನೆನೆಸಿಡಬೇಕು, ಅದನ್ನು ಬರೆದಿಲ್ಲ ಎಂದರು. ಲೇಖಕಿ ಸೇರಿಸಿದರು. ಬೀಗದ ಕೈ ಮಾತ್ರ ಇನ್ನೂ ಬೇಲಿಯಾಚೆಗೆ ಹೋಗಿಲ್ಲ. ಲೇಖಕಿ ಊರಲ್ಲಿಲ್ಲದಾಗ ಮನೆ ನೋಡಿಕೊಳ್ಳುವವರು ಬೇರೆ.

ಮುಂದಿನ ಸಂಕಲನದ ಮಾತುಕತೆ ನಡೆದಿದೆ. ಬದುಕಿರುವ ನೆರೆಹೊರೆಯವರಿಂದ ಬಂದ ಯಾವ ಪುಟವೂ ಅವರಿಗೆ ಓದಿ ಹೇಳದೆ ಅಚ್ಚಿಗೆ ಹೋಗಬಾರದು ಎಂಬ ಷರತ್ತನ್ನು ಲೇಖಕಿ ಒಪ್ಪಂದದಲ್ಲಿ ಸೇರಿಸಬೇಕೆಂದಿದ್ದಾರೆ. ಪ್ರಕಾಶಕರಿಗೆ ಕಾಲಾವಧಿಯ ಚಿಂತೆ, ಯಾರಾದರೂ ಬೇಡವೆಂದರೆ ಪುಸ್ತಕ ಬಡವಾಗುತ್ತದೆಂಬ ಅಂಜಿಕೆಯೂ ಇದೆ. ಹೆಚ್ಚಿನ ಸಮಯಕ್ಕೆ ಅವರನ್ನು ಒಪ್ಪಿಸುವ ಕೆಲಸ ನನ್ನ ಮೇಲೆ ಬಿದ್ದಿದೆ. ತೆಗೆದಿಟ್ಟ ಆ ಕಥೆಯ ಬಗ್ಗೆ ನಾನು ಮತ್ತೆ ಕೇಳಿದಾಗ, ನೆರೆಯವರು ಇರುವವರೆಗೆ ಆ ಮಾತು ಬೇಡ ಎಂದು ಲೇಖಕಿ ಹೇಳಿದ್ದಾರೆ.